ಮಡಿಸಿದ ಕಾಗದದಲ್ಲಿ ರೇಖಾಗಣಿತ

ರೇಖಾಗಣಿತವೆಂದೊಡನೆ ಬೆತ್ತ ಹಿಡಿದ ಉಪಾಧ್ಯಾಯರನ್ನು ನೆನೆದು ಹಿಂಜರಿಯುವವರು ನಮ್ಮಲ್ಲಿ ಅನೇಕರಿದ್ದಾರೆ. ಶಾಲೆಯನ್ನು ಅರ್ಧದಲ್ಲಿಯೇ ಬಿಟ್ಟು ಹೋಟೆಲು ಸೇರಿದವರಿಗಂತೂ ಅದು ತಮ್ಮ ಪಾಲಿಗೆ ಮುಚ್ಚಿದ ಬಾಗಿಲೆಂಬ ಭಾವನೆ ಸಹಜ. ವಾಸ್ತವವಾಗಿ ಈ ಶಾಸ್ತ್ರದ ಮೊದಲ ಪಾಠಗಳಿಗೆ ಒಂದು ಹಾಳೆ ಕಾಗದವೂ ತುಸು ವ್ಯವಧಾನವೂ ಇದ್ದರೆ ಸಾಕು. ಟಿ. ಸುಂದರರಾಯರು ಕಾಗದ ಮಡಿಸುವುದರ ಮೂಲಕವೇ ರೇಖಾಗಣಿತವನ್ನು ಕಲಿಸುವ ಇಂಗ್ಲಿಷ್ ಗ್ರಂಥವೊಂದನ್ನು 1893ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ತಮ್ಮ ಕೃತಿಯಲ್ಲಿ ಉಲ್ಲೇಖಿಸಿದರು.

ಒಂದು ಬಿಂದುವಿನಿಂದ ಹೊರಟ ಎರಡು ರೇಖೆಗಳ ನಡುವಣ ತಿರುವೇ ಕೋನ. ರೇಖೆಗಳು ಗೇಣುದ್ದವಿರಲಿ, ಮಾರುದ್ದವಿರಲಿ, ಕೋನವು ಬದಲಾಗದು. ಸರಿಯಾಗಿ ಮೂರು ಗಂಟೆಗೆ ಕೈಗಡಿಯಾರದ ಮುಳ್ಳುಗಳೂ ರೈಲು ನಿಲ್ದಾಣದ ದೊಡ್ಡ ಗಡಿಯಾರದ ಮುಳ್ಳುಗಳೂ ಮಾಡುವ ಕೋನ ಒಂದೇ: 90 ಡಿಗ್ರಿ. ಇದೇ ಲಂಬಕೋನ.

ಇದನ್ನು ಪಡೆಯಲು ಕಾಗದವನ್ನು ಹೇಗಾದರೂ ಒಮ್ಮೆ ಮಡಿಸಿರಿ. ಮಡಿಕೆಯ ಅಂಚು ಒಂದು ಸರಳರೇಖೆ. ಆ ಅಂಚಿನ ಒಂದು ಭಾಗವು ಇನ್ನೊಂದರ ಮೇಲೆ ಸರಿಯಾಗಿ ಕೂಡುವಂತೆ ಮತ್ತೊಮ್ಮೆ ಮಡಿಸಿದರೆ ದೊರೆಯುವ ಮೂಲೆಯೇ ಲಂಬಕೋನ. ಏಕೆಂದರೆ ಸರಳರೇಖೆಯ ಒಂದು ಪಕ್ಕದಲ್ಲಿರುವುದು 180 ಡಿಗ್ರಿ. ಎರಡನೆಯ ಮಡಿಕೆ ಅದನ್ನು ಸಮನಾಗಿ ಎರಡು ಭಾಗ ಮಾಡಿತು. ಮೇಜಿನ ಮೂಲೆ ನೆಟ್ಟಗಿದೆಯೇ ಎಂದು ಪರೀಕ್ಷಿಸಲು ಈ ಕಾಗದವೇ ಸಾಕು.

ಇನ್ನೊಂದು ಹಾಳೆಯಲ್ಲಿ ಎರಡು ಮಡಿಕೆಗಳು ಓರೆಯಾಗಿ ಒಂದನ್ನೊಂದು ಛೇದಿಸಲಿ. ಅಲ್ಲಿ ನಾಲ್ಕು ಕೋನಗಳಾಗುವುವು. ಒಂದು 70 ಡಿಗ್ರಿಯಾದರೆ ಅದರ ಪಕ್ಕದ್ದು 110 ಆಗಲೇಬೇಕು, ಏಕೆಂದರೆ ಎರಡೂ ಸೇರಿ ಒಂದು ಸರಳರೇಖೆಯ ಮೇಲೆ ನಿಂತಿವೆ. ಅದೇ ನ್ಯಾಯದಿಂದ ಎದುರಿನ ಕೋನ ಮತ್ತೆ 70. ಒಂದನ್ನು ಅಳೆದವನು ಉಳಿದ ಮೂರನ್ನು ಅಳೆಯದೆಯೇ ಬಲ್ಲನು.

60 ಡಿಗ್ರಿಯ ಕೋನವನ್ನು ಕೈವಾರದಿಂದ ಪಡೆಯಬಹುದು. ಇಲ್ಲದಿದ್ದರೆ ಪೆನ್ಸಿಲಿಗೆ ಕಟ್ಟಿದ ದಾರವೂ ಆದೀತು. ಗೆರೆಯೊಂದರ ತುದಿಯನ್ನು ಕೇಂದ್ರವಾಗಿಟ್ಟು, ಗೆರೆಯನ್ನು ಕತ್ತರಿಸುವಂತೆ ಕಂಸವನ್ನೆಳೆಯಿರಿ. ಕತ್ತರಿಸಿದ ಬಿಂದುವಿನಿಂದ ಅದೇ ಅಳತೆಯಲ್ಲಿ ಆ ಕಂಸವನ್ನು ಛೇದಿಸಿರಿ. ಛೇದಬಿಂದುವನ್ನು ಮೊದಲ ತುದಿಗೆ ಸೇರಿಸಿದರೆ 60 ಡಿಗ್ರಿ ಸಿದ್ಧ. ಮೂರು ಬಿಂದುಗಳನ್ನೂ ಸೇರಿಸಿದ ತ್ರಿಭುಜದ ಬಾಹುಗಳು ಸಮ, ಆದುದರಿಂದ ಕೋನಗಳೂ ಸಮ. ಯಾವ ತ್ರಿಭುಜದಲ್ಲಾದರೂ ಮೂರು ಕೋನಗಳ ಮೊತ್ತ 180. ಸಂಶಯವಿದ್ದವರು ಕಾಗದದ ತ್ರಿಭುಜವೊಂದರ ಮೂರು ಮೂಲೆಗಳನ್ನೂ ಹರಿದು ಪಕ್ಕಪಕ್ಕದಲ್ಲಿಡಲಿ. ಅವು ಸರಳರೇಖೆಯಾಗಿ ಕೂಡುವುವು.

ಈ ಕೋನವನ್ನು ಅರ್ಧಿಸಿ 30 ಡಿಗ್ರಿ ಪಡೆಯುವುದು ಸುಲಭ. ಆದರೆ ಅದನ್ನು ಕೇವಲ ಅಂಚುಪಟ್ಟಿ, ಕೈವಾರಗಳಿಂದ ಮೂರು ಸಮಭಾಗ ಮಾಡುವುದು ಅಸಾಧ್ಯವೆಂದು ಫ್ರಾನ್ಸಿನ ಪಿಯರ್ ವಾಂಟ್ಸೆಲ್ 1837ರಲ್ಲಿ ಸಾಧಿಸಿ ತೋರಿಸಿದನು. ಪ್ರಾಚೀನ ಗ್ರೀಕರ ಕಾಲದಿಂದ ಉಳಿದಿದ್ದ ಪ್ರಶ್ನೆ ಅದು.

ಹಗಲೆಲ್ಲ ದುಡಿದು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ವಿದ್ಯೆ ಪಡೆದ ತರುಣರ ಪರಂಪರೆ ನಮ್ಮದು. ವಯಸ್ಸು ಮೀರಿತೆಂದು ಯಾರೂ ಎದೆಗುಂದಬೇಕಾಗಿಲ್ಲ. ಇತರ ಎಷ್ಟೋ ಸಂಗತಿಗಳನ್ನು ನಾವು ಬಲ್ಲವರ ಮಾತಿನ ಮೇಲೆ ನಂಬಬೇಕಾಗುತ್ತದೆ; ಇದನ್ನು ಹಾಗೆ ನಂಬಬೇಕಾಗಿಲ್ಲ. ಯಜಮಾನನು ಮಡಿಸಿದರೂ ಮಾಣಿಯು ಮಡಿಸಿದರೂ ಲಂಬಕೋನವು 90 ಡಿಗ್ರಿಯೇ. ಬಿಡುವಿನ ಅರ್ಧ ಗಂಟೆಯಲ್ಲಿ ಓದುಗರು ತಾವೇ ಮಡಿಸಿ ನೋಡಲಿ.