ಪೂರ್ವಪಕ್ಷ ಕಲಿಸದ ಪದವಿ

ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಮಾವಿನ ಸೀಮೆ. ಅಲ್ಲಿನ ಹುಡುಗಿಯೊಬ್ಬಳು ಪದವಿಗೆ ತತ್ತ್ವಶಾಸ್ತ್ರ ಓದುತ್ತೇನೆಂದರೆ ಮನೆಯವರು ‘ಓದಿ ಏನ್ಮಾಡ್ತೀಯ?’ ಎಂದು ಕೇಳದೆ ಇರಲಾರರು. ಆದರೆ ಪಕ್ಕದ ಮುಳಬಾಗಿಲಿನಲ್ಲೇ, 15ನೇ ಶತಮಾನದಲ್ಲಿ, ವ್ಯಾಸತೀರ್ಥರು ಶ್ರೀಪಾದರಾಜರ ಬಳಿ ಓದಿದ್ದು. ವ್ಯಾಸತೀರ್ಥರ ‘ನ್ಯಾಯಾಮೃತ’ ಅದ್ವೈತವನ್ನು ಖಂಡಿಸುವ ಗ್ರಂಥ. ಖಂಡಿಸುವ ಮೊದಲು ಅದ್ವೈತಿಗಳ ವಾದವನ್ನು ಎಳೆ ಎಳೆಯಾಗಿ ಬಿಡಿಸಿಡುತ್ತದೆ. ಮಧುಸೂದನ ಸರಸ್ವತಿಗಳು ‘ಅದ್ವೈತಸಿದ್ಧಿ’ಯಲ್ಲಿ ಅದಕ್ಕೆ ಉತ್ತರಿಸಿದ್ದೂ ಹಾಗೆಯೇ. ಎದುರಾಳಿಯ ಮಾತನ್ನು ಅವನೇ ತಲೆದೂಗುವಂತೆ ಹೇಳಿ, ಆಮೇಲೆ ಜವಾಬು ಕೊಡುವುದೇ ಪೂರ್ವಪಕ್ಷದ ಶಿಸ್ತು. ವಿಶ್ವವಿದ್ಯಾಲಯಕ್ಕೆ ತತ್ತ್ವಶಾಸ್ತ್ರ ಬೇಕಿರುವುದು ಇದಕ್ಕಾಗಿ.

ಕೋಲಾರ ಜಿಲ್ಲೆಯ ಕೆರೆಗಳನ್ನು ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರನ್ನೇ ನೋಡಿ. ಎರಡು ಹಂತದಲ್ಲಿ ಸಂಸ್ಕರಿಸಿದ ಬೆಂಗಳೂರಿನ ಕೊಳಚೆ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು; ನೊರೆ ಕಂಡಿತು, ವಿಷಯ ಕೋರ್ಟು ಮೆಟ್ಟಿಲೇರಿತು. ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಬಂತಲ್ಲ, ಇನ್ನೇನು ಬೇಕು ಎಂಬುದು ಒಂದು ಕಡೆಯ ವಾದ. ಮೂರನೇ ಹಂತದ ಸಂಸ್ಕರಣೆಯಿಲ್ಲದೆ ಈ ನೀರು ವಿಷ ಎಂಬುದು ಇನ್ನೊಂದು ಕಡೆಯದು. ನೀರು ಏರಿದ್ದು ಯೋಜನೆಯಿಂದಲೋ, 2021ರ ಭಾರಿ ಮಳೆಯಿಂದಲೋ, ಎರಡರಿಂದಲೋ? ‘ಶುದ್ಧ’ ಎಂದರೆ ಯಾವುದಕ್ಕೆ ಶುದ್ಧ: ಅಂತರ್ಜಲಕ್ಕೋ, ತರಕಾರಿಗೋ, ಕುಡಿಯಲಿಕ್ಕೋ? ಸುರಕ್ಷಿತವೆಂದು ಸಾಬೀತು ಮಾಡುವ ಹೊಣೆ ಸರ್ಕಾರದ್ದೋ, ಅಪಾಯವೆಂದು ತೋರಿಸುವ ಹೊಣೆ ರೈತನದ್ದೋ? ರಸಾಯನಶಾಸ್ತ್ರ ನೈಟ್ರೇಟ್ ಅಳೆದು ಕೊಟ್ಟೀತು. ಈ ಮೂರು ಪ್ರಶ್ನೆಗಳನ್ನು ಒಂದರಿಂದ ಒಂದು ಬಿಡಿಸಿ ಕೇಳುವುದು ಬೇರೆಯೇ ಕಸುಬು.

ಮುಳಬಾಗಿಲಿನಲ್ಲೇ ಹುಟ್ಟಿದ ಡಿ.ವಿ.ಜಿ. ಮೆಟ್ರಿಕ್ ಕೂಡ ದಾಟದೆ ತತ್ತ್ವಚಿಂತಕರಾಗಲಿಲ್ಲವೇ ಎನ್ನುವವರಿದ್ದಾರೆ. ಆದರು, ನಿಜ. ಅಂಥವರು ಒಬ್ಬರಾದರೆಂದು ಮಿಕ್ಕವರಿಗೆಲ್ಲ ಮೇಷ್ಟರು ಬೇಡವೆನ್ನುವುದೇ ಕೆಟ್ಟ ತರ್ಕ. ಕೆಲಸ ಸಿಗದು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ, ಪ್ರತ್ಯೇಕ ಬಿ.ಎ. ಬೇಕೆಂದು ನಾನೂ ಹಟ ಹಿಡಿಯುವುದಿಲ್ಲ. ತತ್ತ್ವಶಾಸ್ತ್ರವೆಂದರೆ ಮಠದ ವೇದಾಂತ ಎಂಬ ದೂರಿನಲ್ಲೂ ಹುರುಳಿದೆ: 1918ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿಗೆ ರಾಧಾಕೃಷ್ಣನ್ ಬಂದಂದಿನಿಂದ ದರ್ಶನಗಳಿಗೆ ಸಿಕ್ಕ ಮರ್ಯಾದೆ ಬುದ್ಧನ ತರ್ಕಕ್ಕೂ ವಚನಕಾರರ ಪ್ರಶ್ನೆಗಳಿಗೂ ಅಷ್ಟಾಗಿ ಸಿಗಲಿಲ್ಲ. ಅವನ್ನೂ ಪಾಠಕ್ಕೆ ತರಬೇಕು. ರಾಜ್ಯದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ 2024ರಲ್ಲಿ ಮತ್ತೆ ಮೂರಕ್ಕೆ ಇಳಿಯಿತು. ಈ ಏರಿಳಿತದ ನಡುವೆ ಬಿ.ಕಾಂ.ಗೂ ಬಿ.ಎಸ್ಸಿ.ಗೂ ತರ್ಕದ ಒಂದೇ ಒಂದು ಪತ್ರಿಕೆ ಸೇರಿಸುವುದು ಕಷ್ಟವಲ್ಲ. ‘ತತ್ತ್ವಶಾಸ್ತ್ರದ ಅರ್ಥ ವಿವರಿಸಿ’ ಎಂಬ ಹತ್ತು ಅಂಕದ ಪ್ರಶ್ನೆ ಮಾತ್ರ ಅದರಲ್ಲಿ ಬೇಡ. ಕೆ.ಸಿ. ವ್ಯಾಲಿ ಬಗ್ಗೆ ನಿಮಗೆ ಒಪ್ಪಿಗೆಯಿಲ್ಲದ ಪಕ್ಷವನ್ನು ಎರಡು ಪುಟ ಸಮರ್ಥಿಸಿ ಎಂದು ಕೇಳಲಿ.