ಇಪ್ಪತ್ತು ಕಿಲೋ ರಾಗಿ, ಒಂದು ಚಿಟಿಕೆ ಖರ್ಚು

ಮೊರಕ್ಕೆ ರಾಗಿ ಸುರಿದುಕೊಂಡು ಸಾವಿರ ಕಾಳು ಎಣಿಸಿ ತೂಗಿ ನೋಡಿ. ಮೂರು ಗ್ರಾಂ ಮುಟ್ಟುವುದೂ ಕಷ್ಟ. ಈಗ ತಾಯಿಯ ಹೊಟ್ಟೆಯಲ್ಲಿರುವ ಐದು ತಿಂಗಳ ಹೆಣ್ಣುಕೂಸಿನ ಲೆಕ್ಕ ಹಿಡಿಯೋಣ. ಕೂಸಿನ ತೂಕ 300 ಗ್ರಾಂ ಆಸುಪಾಸು. ಅದರ ಅಂಡಾಶಯಗಳಲ್ಲಿರುವ ಅಂಡಾಣುಗಳೆಷ್ಟು ಗೊತ್ತೇ? 60ರಿಂದ 70 ಲಕ್ಷ! ಅಷ್ಟೇ ಸಂಖ್ಯೆಯ ರಾಗಿ ಕಾಳು ಬೇಕೆಂದರೆ 20 ಕಿಲೋ ಮೂಟೆಯನ್ನೇ ತರಬೇಕು.

ಮೂಟೆಗೆ ತೂತು ಮಾತ್ರ ಆಗಲೇ ಬಿದ್ದಿರುತ್ತದೆ. ಹುಟ್ಟುವ ಹೊತ್ತಿಗೆ ಉಳಿಯುವುದು 10ರಿಂದ 20 ಲಕ್ಷ. ಇಪ್ಪತ್ತು ವಾರದಲ್ಲಿ 50 ಲಕ್ಷ ಸೋರಿತೆಂದರೆ ದಿನಕ್ಕೆ 35 ಸಾವಿರ, ನಿಮಿಷಕ್ಕೆ 25. ಮೈನೆರೆದ ಹುಡುಗಿಗೆ ಚಿಗಳಿ ತಿನ್ನಿಸಿ ಆರತಿ ಎತ್ತುವ ದಿನಕ್ಕೆ ಮೂರು ನಾಲ್ಕು ಲಕ್ಷ, ಅಂದರೆ ಕಿಲೋದಷ್ಟು ಕಾಳು. ಅಲ್ಲಿಂದ ಮುಟ್ಟು ನಿಲ್ಲುವವರೆಗೆ ಬಲಿತು ಹೊರಬರುವುದು ಬರೀ 400–500. ಒಂದು ಚಿಟಿಕೆ ರಾಗಿ! ಇಂಥ ದುಂದುಗಾರಿಕೆ ಯಾವ ಅಡುಗೆಮನೆಯಲ್ಲೂ ನಡೆಯದು. ಕೊನೆಗೆ ತಳದಲ್ಲಿ ಸಾವಿರದಷ್ಟು ಕಾಳು ಅಂಟಿಕೊಂಡಿರುತ್ತವೆ.

ಹುಡುಗಿ ಯಾವಾಗ ಮೈನೆರೆಯಬೇಕೆಂದು ಹೇಳುವವರು ಯಾರು? ಊಟ, ಮೈತೂಕ ಎಲ್ಲಕ್ಕೂ ಪಾಲಿದೆ. ಜೀನುಗಳ ಪಾಲನ್ನು ಹುಡುಕಿ ಹೊರಟವರಿಗೆ 2009ರಲ್ಲಿ ಲಿನ್28ಬಿ ಎಂಬ ಜೀನಿನ ಬಳಿ ಒಂದು ಸುಳಿವು ಸಿಕ್ಕಿತು. ಆ ಸುಳಿವಿನ ಒಂದೊಂದು ಪ್ರತಿಯ ಪ್ರಭಾವ ಸುಮಾರು ಆರು ವಾರಗಳಷ್ಟು. 2014ರಲ್ಲಿ 1.82 ಲಕ್ಷ ಹೆಂಗಸರ ಡಿಎನ್‌ಎ ಜಾಲಾಡಿದಾಗ 106 ಜಾಗ. 2024ರಲ್ಲಿ ಸುಮಾರು 8 ಲಕ್ಷ ಹೆಂಗಸರು, 1,080 ಸುಳಿವುಗಳು! ಅಷ್ಟೂ ಜನರನ್ನು ಮೀಟರಿಗೊಬ್ಬರಂತೆ ನಿಲ್ಲಿಸಿದರೆ ಸಾಲು ಬೆಂಗಳೂರಿನಿಂದ ಹೊರಟು ಬೀದರ್ ದಾಟುತ್ತದೆ.

ಇಷ್ಟು ಜನ ಯಾಕೆ ಬೇಕಾಯಿತು ಅಂದರೆ, ಹುಡುಕಬೇಕಿದ್ದ ಬಣವೆ ಅಷ್ಟು ದೊಡ್ಡದು. ಮನುಷ್ಯರ ಡಿಎನ್‌ಎಯಲ್ಲಿ ಸುಮಾರು 320 ಕೋಟಿ ಅಕ್ಷರ. ಸೆಕೆಂಡಿಗೊಂದರಂತೆ ಊಟ ನಿದ್ದೆ ಬಿಟ್ಟು ಓದಿದರೆ 101 ವರ್ಷ! ಆ 1,080 ಸುಳಿವುಗಳು ಸಮಾನ ದೂರದಲ್ಲಿವೆ ಎಂದುಕೊಳ್ಳಿ. ಓದುತ್ತಾ ಕೂತವರಿಗೆ 34 ದಿನಕ್ಕೊಂದು ಎದುರಾಗುತ್ತದೆ. ಹೆಚ್ಚುಕಡಿಮೆ ತಿಂಗಳಿಗೊಂದು. ಕಾಕತಾಳೀಯವೇ, ಆದರೂ ನಗು ಬಂತು.

ಮುಟ್ಟು ನಿಲ್ಲುವ ವಯಸ್ಸಿನದು ಬೇರೆಯೇ ಪಟ್ಟಿ: 2021ರಲ್ಲಿ ಎರಡು ಲಕ್ಷ ಹೆಂಗಸರಿಂದ 290 ಜಾಗ. ಅವುಗಳ ಜೊತೆಗೆ ಚೆಕ್2 ಎಂಬ ಜೀನೂ ಇದೆ. ಅದರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೆ ಮುಟ್ಟು ಸರಾಸರಿ ಮೂರೂವರೆ ವರ್ಷ ತಡವಾಗಿ ನಿಲ್ಲುತ್ತದೆ. ಅಂದರೆ ಹೆಚ್ಚುವರಿ 45 ಸರದಿ! ಕೆಟ್ಟ ಗಡಿಯಾರ ನಿಲ್ಲುವುದನ್ನು ನೋಡಿದ್ದೇವೆ, ಇದು ಇನ್ನಷ್ಟು ಓಡುತ್ತದೆ.

ವರ್ಷಗಳಲ್ಲಿ ಎಣಿಸಿದರೂ ತಲೆ ತಿರುಗುತ್ತದೆ. ಲಿನ್28ಬಿಯ ದಾಯಾದಿ ಮೊದಲು ಸಿಕ್ಕಿದ್ದು ಮಣ್ಣಿನಲ್ಲಿ ಬಾಳುವ, ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. ಅಲ್ಲೂ ಅದರ ಕೆಲಸ ಬೆಳವಣಿಗೆಯ ವೇಳಾಪಟ್ಟಿ ನೋಡಿಕೊಳ್ಳುವುದೇ. ಹುಳುವಿನ ವಂಶ, ನಮ್ಮ ವಂಶ ಬೇರೆಯಾಗಿ 50 ಕೋಟಿ ವರ್ಷಕ್ಕೂ ಮೇಲಾಯಿತು. ಆರತಿ ತಟ್ಟೆ ಹಿಡಿದ ಅಜ್ಜಿ ಪಂಚಾಂಗ ನೋಡಿ ಹೇಳುವ ಗಳಿಗೆಗೆ ಅಷ್ಟು ಹಳೆಯ ಗುಮಾಸ್ತನೊಬ್ಬ ಒಳಗಿನಿಂದ ಸಹಿ ಹಾಕಿರುತ್ತಾನೆ. ಆ ಹುಳುವಿನ ಆಯಸ್ಸೋ, ಎರಡು ಮೂರು ವಾರ.