ಗುಡ್ಡ ಕಡಿಯದೆ ಹೋಟೆಲ್ ಕಟ್ಟುವುದು ಹೇಗೆ?

ಸೇಲಂ: ದ್ರಾಕ್ಷಿ ತೋಟದಲ್ಲೇ ಹೋಟೆಲ್ ಕಟ್ಟುವ ಪದ್ಧತಿ ನಮ್ಮ ದೇಶಕ್ಕೂ ಬಂದಿದೆ. ನಾಸಿಕ್‌ನಲ್ಲಿ ಸುಲಾ ವೈನ್ ಕಂಪನಿ 2010ರಲ್ಲಿ ‘ಬಿಯಾಂಡ್’ ಹೋಟೆಲ್ ತೆರೆಯಿತು. ಅಲ್ಲಿ ಜನರನ್ನು ಸೆಳೆಯುವುದು ದ್ರಾಕ್ಷಿ ತೋಟ ಮತ್ತು ಗಂಗಾಪುರ ಅಣೆಕಟ್ಟೆಯ ಹಿನ್ನೀರಿನ ನೋಟ.

ನಮ್ಮ ಭಾಗದ ಏರ್ಕಾಡು, ಧರ್ಮಪುರಿಯ ವತ್ತಲ್‌ಮಲೈ ಬೆಟ್ಟಗಳಲ್ಲಿ ದ್ರಾಕ್ಷಿಯ ಬದಲು ಕಾಫಿ ತೋಟಗಳಿವೆ. ಏರ್ಕಾಡಿಗೆ ಕಾಫಿ ತಂದವರು 1820ರ ದಶಕದಲ್ಲಿ ಸೇಲಂ ಕಲೆಕ್ಟರ್ ಆಗಿದ್ದ ಕಾಕ್‌ಬರ್ನ್.

ಇಂಥ ಇಳಿಜಾರನ್ನು ಜೆಸಿಬಿಯಿಂದ ಕಡಿದು ಸಮತಟ್ಟು ಮಾಡಿದರೆ ಮಳೆಗಾಲದಲ್ಲಿ ಮಣ್ಣು ಜಾರುತ್ತದೆ. ನೀರು ಇಂಗದೆ ಹರಿದುಹೋಗಿ ಕೆಳಗಿನ ಹಳ್ಳಿಗಳ ಒರತೆ ಸೊರಗುತ್ತದೆ. ಬದಲಿಗೆ ಇಳಿಜಾರಿನಂತೆಯೇ ಮೆಟ್ಟಿಲು ಮೆಟ್ಟಿಲಾಗಿ ಚಿಕ್ಕ ಕೋಣೆಗಳನ್ನು ಕಟ್ಟಬಹುದು. ನೆರಳಿನ ಸಿಲ್ವರ್ ಓಕ್ ಮರಗಳನ್ನು ಉಳಿಸಿ, ಗೋಡೆಗೆ ಊರಿನ ಕಲ್ಲನ್ನೇ ಬಳಸಿ, ಮಳೆನೀರನ್ನು ಇಂಗಿಸಬಹುದು. ಪ್ರವಾಸಿಗರು ಬರುವುದು ತೋಟ ನೋಡಲು. ತೋಟವೇ ಹೋದರೆ ಹೋಟೆಲಿಗೂ ಗಿರಾಕಿ ಇರುವುದಿಲ್ಲ.